ಮೊದ್ಲು ನಿಂದಕ್ಕ ಹಾಕಿ ನೋಡೂಣು

ನಮ್ಮ ಮನೆಗೆ ಯಾವ ಹೊಸ ವಸ್ತು ಬಂದರೂ ಅದನ್ನು ಮೊದಲು ಮುಟ್ಟುವ ಕೈ ನನ್ನದು. ಹೊಸ ಮಿಕ್ಸರ್ ಬಂದಾಗ ಮೊದಲ ಶೇಂಗಾ ಚಟ್ನಿಪುಡಿ ಮಾಡಿದವಳು ನಾನು. ಅಡುಗೆಮನೆಯ ಗೋಡೆಗೆ ನೀರಿನ ಫಿಲ್ಟರ್ ಕೂರಿಸಿದಾಗ ಮೊದಲ ಲೋಟ ಕುಡಿದವಳೂ ನಾನೇ. ಅತ್ತೆಯವರು ಆಗಿನ್ನೂ ತಮ್ಮ ತಾಮ್ರದ ಬಿಂದಿಗೆಯನ್ನು ಬಿಟ್ಟಿರಲಿಲ್ಲ. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನ ಮುಖವನ್ನು ದಿಟ್ಟಿಸಿ ನೋಡಿ, "ಹೊಟ್ಟಿಗೇನೂ ಆಗಿಲ್ಲಲ್ಲವಾ ನಿನಗ?" ಎಂದು ಕೇಳಿ, ಆಮೇಲೆ ಲೋಟ ಒಡ್ಡಿದರು. ಹೊಸ ಗಿರಣಿಯಲ್ಲಿ ಬೀಸಿಸಿದ ಜೋಳದ ಹಿಟ್ಟಿನದೂ ಇದೇ ಕಥೆ. ಅವರ ಮೊಣಕಾಲಿಗೆಂದು ಯಾರೋ ಕೊಟ್ಟ ಎಣ್ಣೆಯನ್ನು ಕೂಡ, ಉರಿಯುತ್ತದೋ ಏನೋ ಎಂದು, ನೋವೇ ಇಲ್ಲದ ನನ್ನ ಮುಂಗೈಗೆ ಮೊದಲು ಹಚ್ಚಿ ನೋಡಿದ್ದುಂಟು.

ಹಡಗಲಿಗೆ ಕೊಟ್ಟಿರುವ ನನ್ನ ಅಕ್ಕ ಬಂದಾಗಲೆಲ್ಲ ಇದನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಿದ್ದಳು. "ನಿನ್ನ ಪುಣ್ಯ ನೋಡಲೇ. ನಮ್ಮನ್ಯಾಗ ಹೊಸ ಪಾತ್ರಿ ಬಂದ್ರ ಸೀದಾ ಅಟ್ಟ ಹತ್ತಿ ಕುಂದರ್ತೈತಿ. ನಿನಗ ನೋಡು, ಎಲ್ಲಾ ಮೊದ್ಲು!"

ಬಹಳ ವರ್ಷ ನಾನೂ ಅದನ್ನು ಪ್ರೀತಿಯೆಂದೇ ತಿಳಿದಿದ್ದೆ. ಅದಕ್ಕೆ ಬೇರೊಂದು ಹೆಸರಿದೆಯೆಂದು ನನಗೆ ತಿಳಿದದ್ದು ಒಂದು ಬ್ರೌಸರಿನಿಂದ.

ನಮ್ಮ ಯಜಮಾನರದು ಕೊಟ್ಟೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ. ಊರಿನಿಂದ ಉಜ್ಜಿನಿ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಹೊಲವಿದೆ. ಅವರ ವ್ಯಾಪಾರದಲ್ಲಿ ಒಂದು ಪದ್ಧತಿಯುಂಟು. ಕಂಪನಿಯವರು ಮೆಕ್ಕೆಜೋಳದ ಹೊಸ ತಳಿ ತಂದುಕೊಟ್ಟರೆ ಅದನ್ನು ಅದೇ ವರ್ಷ ರೈತರಿಗೆ ಮಾರುವುದಿಲ್ಲ. ನಮ್ಮ ಹೊಲದ ಕೆಳಮೂಲೆಯಲ್ಲಿ, ಬೇವಿನ ಮರದ ಆಚೆಗೆ, ಅದರ ನಾಲ್ಕಾರು ಸಾಲು ಹಾಕಿಸುತ್ತಾರೆ. ಮಳೆ ಬಂದರೆ ನೀರು ಮೊದಲು ನಿಲ್ಲುವುದು ಆ ಮೂಲೆಯಲ್ಲಿ, ಕುರಿಗಳು ಮೊದಲು ನುಗ್ಗುವುದೂ ಅಲ್ಲೇ. ಅಲ್ಲಿ ಬದುಕಿದ ಬೀಜ ಎಲ್ಲಿ ಬೇಕಾದರೂ ಬದುಕುತ್ತದೆ ಎಂಬುದು ಅವರ ಲೆಕ್ಕ. ತೆನೆ ಕಟ್ಟಿದರೆ ಮುಂದಿನ ವರ್ಷ ಅಂಗಡಿಯಲ್ಲಿ ಚೀಲ ಏರುತ್ತದೆ. ಕಟ್ಟದಿದ್ದರೆ ಕೊಯ್ದು ದನಕ್ಕೆ ಹಾಕುತ್ತಾರೆ. ಇದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಅದು ನಿಜಕ್ಕೂ ಒಳ್ಳೆಯ ಪದ್ಧತಿ. ಉಚ್ಚಂಗಿದುರ್ಗದ ಕಡೆಯವರೂ ಬಸ್ಸು ಬದಲಿಸಿ ಇವರ ಅಂಗಡಿಗೇ ಬರುತ್ತಾರೆಂದರೆ ಅದಕ್ಕೆ ಆ ಮೂಲೆಯ ಸಾಲುಗಳೇ ಕಾರಣ.

ಬರುವವರು ಕೇಳುವುದು ಮಾತ್ರ ಒಂದೇ ಪ್ರಶ್ನೆ. ಬೀಜದ ಚೀಲದ ಮೇಲೆ ಹೆಸರಿನ ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದಲ್ಲ, ಅದರ ಮೇಲೆಯೇ ಎಲ್ಲರ ಕಣ್ಣು. ಒಮ್ಮೆ ಬುತ್ತಿ ಕೊಡಲು ಹೋಗಿ ನಾನು ಅಂಗಡಿಯ ಒಳಗೆ ಕುಳಿತಿದ್ದಾಗ ತೆಲಿಗಿಯ ರೈತರೊಬ್ಬರು ಬಂದಿದ್ದರು.

"ಹೋದ ವರ್ಷದ್ದು ಬ್ಯಾಡ್ರೀ ಸಾವ್ಕಾರ್ರ. ಅದಕ್ಕಿಂತ ದೊಡ್ಡ ನಂಬರ್ ಬಂದೈತೇನ್ರಿ?"

"ನಂಬರ್ ದೊಡ್ಡದಾದ್ರ ತೆನಿ ದೊಡ್ಡದಾಗ್ತೈತೇನೋ ಮಾರಾಯಾ?"

"ಮತ್ತ ಸುಮ್ಸುಮ್ನ ಯಾಕ ನಂಬರ್ ಏರಸ್ತಾರ್ರೀ ಅವ್ರು? ಅವ್ರಿಗೇನು ಹುಚ್ಚೇನು?"

ಎಲ್ಲರೂ ನಕ್ಕರು. ಯಜಮಾನರೂ ನಕ್ಕರು. ಆದರೆ ಮನೆಗೆ ಟಿವಿ ತರುವಾಗ, ಫೋನು ತರುವಾಗ ಅವರು ಕೇಳುವುದೂ ಅದನ್ನೇ.

ಇನ್ನು ನನ್ನ ವಿಷಯ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಬೆನ್ನು ನೆಟ್ಟಗೆ ಮಾಡಿಸಿ, ಪುಸ್ತಕವನ್ನು ಎದೆಯ ಎತ್ತರಕ್ಕೆ ಹಿಡಿಸಿ, ಪದದ ಕೊನೆಯ ಅಕ್ಷರವನ್ನು ನುಂಗದಂತೆ ಗಟ್ಟಿಯಾಗಿ ಓದಿಸುತ್ತಿದ್ದ ಸಿಸ್ಟರ್‌ಗಳ ಕೈಯಲ್ಲಿ ಬೆಳೆದವಳು. ಮದುವೆಯಾಗಿ ಬಂದ ಮೇಲೆ ಆ ಇಂಗ್ಲಿಷಿಗೆ ಈ ಮನೆಯಲ್ಲಿ ಸಿಕ್ಕ ಕೆಲಸ ಗುಳಿಗೆಯ ಡಬ್ಬಿಯೊಳಗಿನ ಚೀಟಿ ಓದುವುದು, ಔಷಧದ ಡಬ್ಬಿಯ ಹಿಂದೆ ಎಷ್ಟು ನೀರಿಗೆ ಎಷ್ಟು ಬೆರೆಸಬೇಕೆಂದು ಬರೆದದ್ದನ್ನು ಹೇಳುವುದು, ಕಂಪನಿಗಳಿಂದ ಬರುವ ಮೇಲ್‌ಗಳಿಗೆ ಎರಡು ಸಾಲು ಉತ್ತರ ಬರೆಯುವುದು. ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ ಅಲ್ಲಿದ್ದ ಹಳೆಯ ಲ್ಯಾಪ್‌ಟಾಪ್ ನನ್ನ ಪಾಲಿಗೆ ಬಂತು. ಅದರ ಕೀಗಳ ಸಂದಿಯಲ್ಲಿ ಗೊಬ್ಬರದ ಬಿಳಿ ಪುಡಿ ಕೂತಿತ್ತು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಂದಿಡೀ ಮಧ್ಯಾಹ್ನ ಕೂತು ಅದನ್ನು ತೆಗೆದೆ. ಈ ಮನೆಯಲ್ಲಿ ನನ್ನದು ಎಂದು ನಾನು ಅಂದುಕೊಂಡ ವಸ್ತು ಅದೊಂದೇ.

ಆ ಲ್ಯಾಪ್‌ಟಾಪಿನಲ್ಲೇ ನನಗೊಂದು ಕೆಲಸದ ಸುಳಿವು ಸಿಕ್ಕಿತು. ಬೇರೆ ಬೇರೆ ಊರಿನ ಮಕ್ಕಳಿಗೆ ಇಂಟರ್ನೆಟ್ಟಿನ ಮೂಲಕ ಇಂಗ್ಲಿಷ್ ಮಾತಾಡುವುದನ್ನು ಕಲಿಸುವ ಒಂದು ಸಂಸ್ಥೆ. ಮೊದಲ ಸುತ್ತಿನಲ್ಲಿ ಒಬ್ಬ ಹೆಣ್ಣುಮಗಳು ಮಾತಾಡಿಸಿದರು. ನೆರಳು ಎಂದರೇನು ಎಂಬುದನ್ನು ಐದು ವರ್ಷದ ಮಗುವಿಗೆ ಹೇಗೆ ಹೇಳುತ್ತೀರಿ ಎಂದು ಕೇಳಿದರು. ನಾನು ಕಿಟಕಿಯ ಬಿಸಿಲಿಗೆ ಕೈ ಒಡ್ಡಿ, ಗೋಡೆಯ ಮೇಲೆ ಬಿದ್ದ ಬೆರಳುಗಳನ್ನು ಕ್ಯಾಮೆರಾಕ್ಕೆ ತೋರಿಸಿ ಹೇಳಿದೆ. ನಿಮ್ಮ ದನಿಯಲ್ಲಿ ಅವಸರವಿಲ್ಲ, ಮಕ್ಕಳಿಗೆ ಅದು ಬೇಕು ಎಂದರು. ಎರಡನೆಯದು ಪರೀಕ್ಷೆ. ಗೊತ್ತುಪಡಿಸಿದ ದಿನ, ಗೊತ್ತುಪಡಿಸಿದ ಗಂಟೆಗೆ, ಕ್ಯಾಮೆರಾದ ಮುಂದೆ ಕೂತು ಬರೆಯಬೇಕು, ಮಾತಾಡಬೇಕು. ಒಬ್ಬರಿಗೆ ಒಂದೇ ಅವಕಾಶ.

ಮನೆಯಲ್ಲಿ ಹೇಳಿದಾಗ ಅತ್ತೆಯವರು ಹೂವಿನ ಮಾಲೆಯಿಂದ ಕಣ್ಣೆತ್ತದೆ, "ಮನ್ಯಾಗ ಕುಂತು ಮಾಡೂದಾದ್ರ ಮಾಡ್ಲಿ ಬಿಡಪಾ. ರೊಟ್ಟಿ ಹೊತ್ತಿಗೆ ಎದ್ದು ಬಂದ್ರ ಸಾಕು" ಎಂದರು. "ಮಾಡು ಮಾಡು" ಎಂದರು ಇವರು. ದುಡ್ಡಿಗಾಗಿ ನಾನು ಅಷ್ಟು ಆಸೆಪಟ್ಟಿರಲಿಲ್ಲ. ದಿನಕ್ಕೆ ಸ್ವಲ್ಪ ಹೊತ್ತು, ನಾನು ನೋಡದ ಯಾವುದೋ ಊರಿನ ಮಗು ನನ್ನನ್ನು ಟೀಚರ್ ಎಂದು ಕರೆಯಬೇಕು. ಉಪ್ಪು ಎಲ್ಲಿದೆ, ಟವಲ್ ಎಲ್ಲಿದೆ ಎನ್ನುವುದನ್ನು ಬಿಟ್ಟು ಬೇರೇನಾದರೂ ಒಂದನ್ನು ನನ್ನಲ್ಲಿ ಕೇಳಬೇಕು. ಅಷ್ಟೇ ನನಗೆ ಬೇಕಿದ್ದದ್ದು.

ಪರೀಕ್ಷೆಗೆ ಮುಂಚೆ ಲ್ಯಾಪ್‌ಟಾಪ್ ಸರಿಯಿದೆಯೇ ಎಂದು ನೋಡಿಕೊಳ್ಳಲು ಅವರೊಂದು ಪುಟ ಕಳಿಸಿದ್ದರು. ಕ್ಯಾಮೆರಾಕ್ಕೆ ಹಸಿರು ಗುರುತು ಬಂತು, ಮೈಕಿಗೆ ಬಂತು, ಬ್ರೌಸರಿಗೂ ಬಂತು. ನಾನು ನಿಶ್ಚಿಂತಳಾದೆ.

ಅದೇ ವಾರ ಅಂಗಡಿಯ ಕಂಪ್ಯೂಟರಿನಲ್ಲಿ ಬೀಜದ ಕಂಪನಿಗೆ ಆರ್ಡರ್ ಹಾಕುವ ಪುಟದ ಮೇಲೆ ಒಂದು ಹಳದಿ ಪಟ್ಟಿ ಕಾಣಿಸಿಕೊಂಡಿತಂತೆ. ನಿಮ್ಮ ಬ್ರೌಸರ್ ಹಳೆಯದಾಗಿದೆ, ಹೊಸದನ್ನು ಹಾಕಿಕೊಳ್ಳಿ ಎಂದು. ಬಿತ್ತನೆಯ ಕಾಲ. ಹೊಸದನ್ನು ಹಾಕಿ ಏನಾದರೂ ಕೆಟ್ಟರೆ ಅಂಗಡಿಯೇ ನಿಲ್ಲುತ್ತದೆ. ಒಂದು ಮಧ್ಯಾಹ್ನ ಊಟಕ್ಕೆ ಬಂದವರು ಕೈ ಒರೆಸಿಕೊಳ್ಳುತ್ತ, "ಒಂದೀಟು ನಿನ್ನ ಲ್ಯಾಪ್‌ಟಾಪ್ ಕೊಡು" ಎಂದರು.

"ಯಾಕ್ರೀ?"

"ಕೊಡೇ ಮಾರಾಯ್ತಿ, ತಿಂತೀನೇನು ಅದನ್ನ?"

ಸಂಜೆ ವಾಪಸ್ ತಂದಾಗ ಪರದೆಯನ್ನು ಒರೆಸಿ ತಂದಿದ್ದರು. ನನಗೆ ಅದೇ ದೊಡ್ಡದಾಗಿ ಕಂಡಿತು. "ಹೊಸಾದು ಹಾಕೀನಿ ನೋಡು ನಿನಗ. ಅಂಗಡ್ಯಾಗಿಂದಕ್ಕಿಂತ ದೊಡ್ಡ ನಂಬರು. ಇನ್ನೂ ಯಾರ ಹತ್ರಾನೂ ಬಂದಿಲ್ಲ. ಮೊದ್ಲು ನಿಂದಕ್ಕ ಹಾಕಿ ನೋಡೂಣು ಅಂದೆ" ಎಂದರು. ನನಗೆ ಖುಷಿಯೇ ಆಯಿತು. ಬ್ರೌಸರಿನ ಚಿತ್ರದ ಬಣ್ಣ ಮೊದಲಿಗಿಂತ ಸ್ವಲ್ಪ ಗಾಢವಾಗಿದ್ದದ್ದು ಕಣ್ಣಿಗೆ ಬಿತ್ತು. ಹೊಸದಲ್ಲವೇ, ಬಣ್ಣವೂ ಹೊಸದಿರಬೇಕು ಅಂದುಕೊಂಡೆ.

ಪರೀಕ್ಷೆಯ ದಿನ ಬೇಗ ಬುತ್ತಿ ಕಟ್ಟಿ ಕಳಿಸಿದೆ. ಗಂಜಿ ಹಾಕಿದ ಹತ್ತಿಯ ಸೀರೆ ಉಟ್ಟೆ. ನನ್ನ ಹಿಂದಿನ ಉಪ್ಪಿನಕಾಯಿ ಭರಣಿಗಳು ಕಾಣಬಾರದೆಂದು ಒಂದು ಬಿಳಿ ಹಾಸಿಗೆ ಬಟ್ಟೆ ಕಟ್ಟಿದೆ. ಅತ್ತೆಯವರು ನನಗಾಗಿ ಟಿವಿಯ ದನಿ ಸಣ್ಣದು ಮಾಡಿದ್ದರು. ಗಂಟೆಯಾಯಿತು, ಪುಟ ತೆರೆದೆ.

ನಿಮ್ಮ ಬ್ರೌಸರಿನ ಈ ಆವೃತ್ತಿಯನ್ನು ನಾವಿನ್ನೂ ಒಪ್ಪುವುದಿಲ್ಲ. ದಯವಿಟ್ಟು ಸ್ಟೇಬಲ್ ಆವೃತ್ತಿಯನ್ನು ಬಳಸಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಪ್ರತಿಯೊಂದು ಪದವೂ ನನಗೆ ಗೊತ್ತಿದ್ದದ್ದೇ. ಒಟ್ಟಾಗಿ ಏನು ಹೇಳುತ್ತಿವೆ ಎಂಬುದು ಗೊತ್ತಾಗಲಿಲ್ಲ. ಹಳೆಯದಾದರೆ ಬೇಡ ಅನ್ನಬಹುದು, ಹೊಸದನ್ನು ಯಾಕೆ ಬೇಡ ಅನ್ನುತ್ತಾರೆ? ಕೆಳಗೆ, ಹೇಗಿದೆಯೋ ಹಾಗೇ ಮುಂದುವರಿಯಿರಿ ಎಂಬ ಸಣ್ಣ ಗುಂಡಿ ಇತ್ತು. ಒತ್ತಿದೆ. ನನ್ನ ಮುಖ ಕಾಣಬೇಕಾದ ಚೌಕ ಕಪ್ಪಾಗಿಯೇ ಉಳಿಯಿತು. ಕ್ಯಾಮೆರಾದ ಪುಟ್ಟ ದೀಪವೇನೋ ಉರಿಯುತ್ತಿತ್ತು. ಚೌಕದಲ್ಲಿ ಮಾತ್ರ ನಾನಿರಲಿಲ್ಲ.

ಇವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಹಿಂದೆ ಗಿರಾಕಿಗಳ ಗದ್ದಲ.

"ಏನು?"

"ರೀ, ಬ್ರೌಸರ್ ತಗೊಳ್ಳಾಕ ವಲ್ಲದ್ರೀ. ಯಾವುದು ಹಾಕೀರಿ ನೀವು?"

"ಅದು ಭಾರೀ ಹೊಸಾದೈತಿ. ದೊಡ್ಡ ನಂಬರು."

"ಅದಕ್ಕ ಬ್ಯಾಡ ಅನ್ನಾಕತ್ತೈತ್ರೀ. ಸ್ಟೇಬಲ್ ಬೇಕಂತ."

"ಆಫ್ ಮಾಡಿ ಆನ್ ಮಾಡು. ಇಲ್ಲೆ ಮಂದಿ ನಿಂತಾರ" ಎಂದು ಇಟ್ಟುಬಿಟ್ಟರು.

ಆಫ್ ಮಾಡಿ ಆನ್ ಮಾಡಿದೆ. ಚೌಕ ಕಪ್ಪಾಗಿಯೇ ಇತ್ತು. ಕೊನೆಗೆ ನಾನೇ ಹುಡುಕಿ ಆ ಸ್ಟೇಬಲ್ ಎಂಬುದನ್ನು ಇಳಿಸಿಕೊಂಡೆ. ನಮ್ಮ ಬೀದಿಯ ನೆಟ್ಟು ಎಷ್ಟು ನಿಧಾನವೆಂದರೆ, ಇಳಿಯುತ್ತಿರುವ ನೀಲಿ ಗೆರೆಯನ್ನು ನೋಡುತ್ತ ನೋಡುತ್ತ ನನ್ನ ಸೀರೆಯ ನೆರಿಗೆಯನ್ನು ಬೆರಳಲ್ಲಿ ಹಿಂಡಿ ಹಿಂಡಿ ಗಂಜಿಯೆಲ್ಲ ಉದುರಿತ್ತು. ತೆರೆದರೆ ಅದು ಇನ್ನೊಂದು ಮಾತು ಹೇಳಿತು: ನೀವು ಇಲ್ಲಿ ಉಳಿಸಿಟ್ಟ ಸಾಮಾನುಗಳನ್ನು ನನಗಿಂತ ಹೊಸ ಆವೃತ್ತಿ ಬಳಸಿಬಿಟ್ಟಿದೆ, ಅವನ್ನು ನಾನು ತೆರೆಯಲಾರೆ, ಬೇಕಾದರೆ ಎಲ್ಲವನ್ನೂ ಹೊಸದಾಗಿ ಶುರುಮಾಡಿ. ಮುಂದಕ್ಕೆ ಹೋದವಳು ಹಿಂದಕ್ಕೆ ಬಂದರೆ ಬರಿಗೈಯಲ್ಲೇ ಬರಬೇಕು. ಒಪ್ಪಿಕೊಂಡೆ. ಖಾಲಿ ಬ್ರೌಸರ್ ತೆರೆಯಿತು. ಪರೀಕ್ಷೆಯ ಪುಟದ ಪಾಸ್‌ವರ್ಡ್ ಆ ಹಳೆಯ ಸಾಮಾನುಗಳ ಜೊತೆಯಲ್ಲೇ ಇತ್ತು. ಮರೆತೆ ಎಂದು ಒತ್ತಿದರೆ, ನಿಮ್ಮ ಫೋನಿಗೆ ಒಟಿಪಿ ಕಳಿಸಿದ್ದೇವೆ ಎಂದಿತು.

ಫೋನ್ ನಂಬರ್ ಇವರದು. ಗ್ಯಾಸಿಗೆ, ಬ್ಯಾಂಕಿಗೆ, ನನ್ನ ಆಧಾರಿಗೆ, ಈ ಮನೆಯಲ್ಲಿ ಎಲ್ಲಕ್ಕೂ ಕೊಟ್ಟಿರುವುದು ಅದೊಂದೇ ನಂಬರು. ಅರ್ಜಿ ತುಂಬುವಾಗ ನನ್ನ ಬೆರಳು ಯೋಚನೆ ಕೂಡ ಮಾಡದೆ ಅದನ್ನೇ ಒತ್ತಿತ್ತು.

ಫೋನ್ ಮಾಡಿದೆ. ಕಟ್ ಮಾಡಿದರು. ಮತ್ತೆ ಮಾಡಿದೆ. ಮತ್ತೆ. ರಿಂಗಾಗಿ ರಿಂಗಾಗಿ ನಿಂತಿತು. ಆಮೇಲೆ ಪುಟದ ಮೇಲೆ, ನಿಮ್ಮ ಸಮಯ ಮುಗಿದಿದೆ, ಧನ್ಯವಾದ ಎಂಬ ಅಕ್ಷರಗಳು ಬಂದವು.

ಅತ್ತೆಯವರು ಬಾಗಿಲಲ್ಲಿ ಬಂದು ನಿಂತಿದ್ದರು. "ಮುಗೀತೇನವಾ? ತಗೊಂತೀವಿ ಅಂದ್ರಾ?"

"ಇಲ್ರೀ ಅತ್ತಿ."

"ಹೋಗ್ಲಿ ಬಿಡು. ಹೆಸರುಕಾಳು ನೆನಿ ಹಾಕಿದ್ದಿ, ಬಸಿಬೇಕಲ್ಲ."

ಬಿಳಿ ಬಟ್ಟೆ ಬಿಚ್ಚಿ ಮಡಚಿಟ್ಟು ಹೋಗಿ ಹೆಸರುಕಾಳು ಬಸಿದೆ. ಕಾಳುಗಳು ಆಗಲೇ ಸಿಪ್ಪೆ ಬಿರಿಯುತ್ತಿದ್ದವು.

ಸಂಜೆ ಇವರು ಬಂದು ಚಹಾ ಹಿಡಿದು ಕೂತಾಗ ಎಲ್ಲವನ್ನೂ ಹೇಳಿದೆ. ಅಳಲಿಲ್ಲ, ದನಿ ಏರಿಸಲಿಲ್ಲ. ಸಿಸ್ಟರ್‌ಗಳು ಕಲಿಸಿದಂತೆ ಮೊದಲಿನಿಂದ ಕೊನೆಯವರೆಗೆ ಒಂದೊಂದಾಗಿ ಹೇಳಿದೆ. ಮೊದಲು ಅವರು, "ಅಯ್ಯ, ಊಟದ ಡಬ್ಬಿ ಮುಟ್ಟೇತೇನು ಅಂತ ಕೇಳಾಕ ಮಾಡಾಕತ್ತೀದಿ ಅನ್ಕೊಂಡೆ" ಎಂದರು. ಆಮೇಲೆ ಚಹಾದ ಲೋಟ ಕೆಳಗಿಟ್ಟು, ಕಣ್ಣರಳಿಸಿ, "ಕ್ಯಾಮೆರಾನೂ ಹಿಡೀಲಿಲ್ಲ? ಪಾಸ್‌ವರ್ಡೂ ಹೋತು?" ಎಂದು ಕೇಳಿದರು.

"ಹೂಂ ರೀ."

"ಅವ್ವಾ, ಕೇಳಿದ್ಯಾ? ಅಂಗಡ್ಯಾಗ ಏನರ ಹಾಕಿದ್ದಿದ್ರ ಇವತ್ತು ಬಿತ್ತಗಿ ಟೈಮಿನ್ಯಾಗ ಮಣ್ಣು ಮುಕ್ಕತಿದ್ವಿ! ಕಂಪನಿ ಲಾಗಿನ್ನು, ಆರ್ಡರು, ಎಲ್ಲಾ ಹೋಗಿರ್ತಿತ್ತು. ಚಲೋ ಆತು ನೋಡು ಇಕೀದಕ್ಕ ಮೊದ್ಲು ಹಾಕಿದ್ದು."

"ದೇವ್ರು ದೊಡ್ಡಾವ" ಎಂದರು ಅತ್ತೆಯವರು, ದೇವರ ಗೂಡಿನ ಕಡೆ ತಿರುಗಿ ಕೈ ಮುಗಿದು.

ಆ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು. ಅವರಿಗೆ ನಿಜವಾಗಿಯೂ ಸಮಾಧಾನವಾಗಿತ್ತು. ಅಂದು ರಾತ್ರಿ ಒಂದು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡು ಉಂಡರು. ಬಡಿಸುತ್ತ ನಿಂತ ನನಗೆ ಫಿಲ್ಟರಿನ ನೀರು, ಗಿರಣಿಯ ಹಿಟ್ಟು, ಮುಂಗೈಯ ಎಣ್ಣೆ ಒಂದರ ಹಿಂದೆ ಒಂದು ನೆನಪಾದವು. ಹೊಟ್ಟೆಗೇನೂ ಆಗಿಲ್ಲವಲ್ಲ ಎಂದು ಅತ್ತೆಯವರು ಕೇಳಿದ್ದು ಯಾರ ಹೊಟ್ಟೆಯ ಚಿಂತೆಯಿಂದ ಎಂಬುದು ಅವತ್ತು ಗೊತ್ತಾಯಿತು.

ಮರುದಿನದಿಂದ ಮಧ್ಯಾಹ್ನಗಳಲ್ಲಿ ನಾನು ಈ ಆವೃತ್ತಿಗಳ ಬಗ್ಗೆ ಓದಲು ಶುರುಮಾಡಿದೆ. ಯಾವುದರಿಂದ ಸೋತೆನೆಂದಾದರೂ ತಿಳಿಯಬೇಕಲ್ಲ. ಓದುತ್ತ ಹೋದರೆ ಅದೆಲ್ಲ ನಮ್ಮ ಅಂಗಡಿಯ ವ್ಯವಹಾರವೇ. ಬ್ರೌಸರ್ ಮಾಡುವವರು ಒಂದೇ ಬ್ರೌಸರನ್ನು ಹಲವು ಕಾಲುವೆಗಳಲ್ಲಿ ಬಿಡುತ್ತಾರೆ, ಚಾನೆಲ್ ಎನ್ನುತ್ತಾರೆ. ಒಂದರಲ್ಲಿ ಪ್ರತಿದಿನ ಹೊಸದಾಗಿ, ಹಸಿಹಸಿಯಾಗಿ ಬರುತ್ತದೆ. ಬೆಳಿಗ್ಗೆ ಕೆಡಬಹುದು, ಸಂಜೆ ಸರಿಹೋಗಬಹುದು. ಇನ್ನೊಂದು ಬೀಟಾ. ಹೆಚ್ಚುಕಡಿಮೆ ಸಿದ್ಧವಾದದ್ದು, ಆದರೆ ಗಟ್ಟಿ ಜೀವದವರು ಬಳಸಿ ನೋಡಿ ತಪ್ಪು ಹೇಳಲಿ ಎಂದು ಬಿಟ್ಟದ್ದು. ಅದರಲ್ಲಿ ಉಳಿದು ಬಂದದ್ದು ಸ್ಟೇಬಲ್, ಅಂದರೆ ಎಲ್ಲರಿಗಾಗಿ. ಕೊನೆಯದು ಎಲ್ಲಕ್ಕಿಂತ ನಿಧಾನದ್ದು: ಆಫೀಸುಗಳಿಗೆ, ಶಾಲೆಗಳಿಗೆ. ಅದರಲ್ಲಿ ಹೊಸ ಸೊಬಗು ಬೇಗ ಬರುವುದಿಲ್ಲ, ರಿಪೇರಿ ಮಾತ್ರ ತಪ್ಪದೆ ಬರುತ್ತದೆ. ಕೆಲಸ ನಿಲ್ಲಬಾರದವರಿಗೆ ಅದು. ಇವರು ನನಗೆ ಹಾಕಿದ್ದದ್ದು ಬೀಟಾ. ನಂಬರಿನ ಕೊನೆಯಲ್ಲಿ ಒಂದು ಸಣ್ಣ ಅಕ್ಷರ ಅದನ್ನು ಹೇಳುತ್ತಲೇ ಇತ್ತು.

ಹಸಿಯಾದ ಚಾನೆಲ್ಲುಗಳಲ್ಲಿ ಒಂದಕ್ಕೆ ಕ್ಯಾನರಿ ಎಂದು ಹೆಸರಿಟ್ಟಿದ್ದಾರೆ. ಹಳದಿ ಹಕ್ಕಿ. ಹಿಂದೆ ಬೇರೆ ದೇಶದ ಕಲ್ಲಿದ್ದಲ ಗಣಿಗಳಿಗೆ ಅದನ್ನು ಪಂಜರದಲ್ಲಿ ಒಯ್ಯುತ್ತಿದ್ದರಂತೆ. ವಿಷದ ಗಾಳಿ ಇದ್ದರೆ ಹಕ್ಕಿ ಮೊದಲು ಬೀಳುತ್ತದೆ, ಮನುಷ್ಯರು ಓಡಿ ಮೇಲೆ ಬರುತ್ತಾರೆ. ಇದನ್ನು ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿ, ಸುಮ್ಮನೆ ಎದ್ದು ಹೋಗಿ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆದೆ.

ನಂಬರಿನ ಗುಟ್ಟೂ ತಿಳಿಯಿತು. ಚುಕ್ಕೆಗಿಂತ ಮುಂಚಿನ ದೊಡ್ಡ ಸಂಖ್ಯೆ ಗುಣಕ್ಕಾಗಿ ಏರುವುದಿಲ್ಲ. ಸರಿಸುಮಾರು ತಿಂಗಳು ತುಂಬಿದರೆ ಏರುತ್ತದೆ, ಒಳಗೆ ದೊಡ್ಡದೇನಾದರೂ ಇರಲಿ ಬಿಡಲಿ. ನಮ್ಮ ವಯಸ್ಸು ಏರುವ ಹಾಗೆ. ಚುಕ್ಕೆಗಳಾದ ಮೇಲೆ ಕೊನೆಯಲ್ಲಿ ಇರುತ್ತದಲ್ಲ, ಒಂದೋ ಎರಡೋ ಅಂತ, ಅದು ರಿಪೇರಿಯ ಸಂಖ್ಯೆ. ಹರಿದದ್ದನ್ನು ಎಷ್ಟು ಸಲ ಹೊಲಿದರು ಎಂಬುದು ಅಲ್ಲಿದೆ. ತೆಲಿಗಿಯ ರೈತರೂ ನಮ್ಮ ಯಜಮಾನರೂ ನೋಡುವುದು ಮೊದಲಿನದನ್ನು. ಕೊನೆಯದನ್ನು ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಒಂದು ಭಾನುವಾರ ಮಂಡಕ್ಕಿ ಒಗ್ಗರಣೆ ಮುಂದಿಟ್ಟು ಇವರಿಗೆ ಇಷ್ಟನ್ನೂ ಬಿಡಿಸಿ ಹೇಳಿದೆ. ಅರ್ಥವಾಗದೆ ಬೇಸರಪಡುತ್ತಾರೆ ಅಂದುಕೊಂಡಿದ್ದೆ. ಅರ್ಧಕ್ಕೇ ಮಿರ್ಚಿ ಮುರಿಯುತ್ತ ಅಂದರು: "ತಿಳೀತು ಬಿಡು. ಬೀಟಾ ಅಂದ್ರ ಡೆಮೊ ಪ್ಲಾಟ್. ನಾವು ರೈತರ ಹೊಲದಾಗ ಹಾಕಿ ತೋರಸ್ತೀವಲ್ಲ, ಹಂಗ."

"ಹೌದ್ರೀ. ಡೆಮೊ ಪ್ಲಾಟಿಗೆ ನೀವು ರೈತರನ್ನ ಕೇಳದಂಗ ಬೀಜ ಹಾಕ್ತೀರೇನು?"

"ಕೇಳದಂಗ ಹೆಂಗ ಹಾಕಾಕ ಬರ್ತೈತಿ? ಅವ್ರ ಹೊಲ ಅದು. ಬೀಜ ಫ್ರೀ ಕೊಡಬೇಕು, ಗೊಬ್ಬರ ಕೊಡಬೇಕು, ರಸ್ತೆ ಕಡೆ ಬೋರ್ಡ್ ಬರಸಬೇಕು ಅವ್ರ ಹೆಸರಿಲೆ. ಕಡೀಕ ಕ್ಷೇತ್ರೋತ್ಸವ ಮಾಡಿ ಶಾಲು ಹೊದಸಬೇಕು."

"ಮತ್ತ ನನ್ನ ಲ್ಯಾಪ್‌ಟಾಪು?"

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನನ್ನ ಮುಖ ನೋಡಿ ನಕ್ಕರು. "ಶಾಲು ಬೇಕೇನೇ ನಿನಗ? ಮನ್ಯಾಗ ನಿಂದು ನಂದು ಅಂತ ಏನೈತಿ?"

ಮಿರ್ಚಿಯ ತೊಟ್ಟನ್ನು ನನ್ನ ತಟ್ಟೆಯಲ್ಲಿಟ್ಟು ಕೈ ತೊಳೆಯಲು ಎದ್ದರು. ಬೇವಿನ ಮರದಾಚೆಯ ಆ ಮೂಲೆಯೂ ನಮ್ಮ ಸ್ವಂತದ್ದೇ ಎಂಬುದು ನನಗೆ ಹೊಳೆದದ್ದು ಆಗ. ಸ್ವಂತ ಹೊಲಕ್ಕೆ ಯಾರೂ ಬೋರ್ಡ್ ಹಾಕುವುದಿಲ್ಲ.

ಪರೀಕ್ಷೆಯ ಸಂಸ್ಥೆಗೆ ಒಂದು ಮೇಲ್ ಬರೆದಿದ್ದೆ. ಆದದ್ದನ್ನೆಲ್ಲ ತಿಳಿಸಿ, ಇನ್ನೊಂದು ಅವಕಾಶ ಕೊಡಿ ಎಂದು. ತಕ್ಕ ಬ್ರೌಸರ್ ಇಟ್ಟುಕೊಳ್ಳುವುದು ಅಭ್ಯರ್ಥಿಯ ಹೊಣೆ, ವಿಷಾದಿಸುತ್ತೇವೆ ಎಂದು ಉತ್ತರ ಬಂತು. ನೆರಳಿನ ಪ್ರಶ್ನೆ ಕೇಳಿದ್ದ ಆ ಹೆಣ್ಣುಮಗಳು ಬರೆದದ್ದಲ್ಲ. ಕೆಳಗೆ ಯಾರ ಹೆಸರೂ ಇರಲಿಲ್ಲ.

ಬ್ರೌಸರ್ ಮಾಡುವವರಿಗೂ ಬರೆದೆ. ಬೀಟಾ ಬಳಸಿ ಕೆಟ್ಟದ್ದನ್ನು ಕಂಡವರು ಹೇಳಲೆಂದೇ ಅವರೊಂದು ಜಾಗ ಇಟ್ಟಿದ್ದಾರೆ. ಕ್ಯಾಮೆರಾದ ದೀಪ ಉರಿಯುತ್ತದೆ, ಚೌಕ ಕಪ್ಪಾಗಿರುತ್ತದೆ ಎಂದು ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಬರೆದೆ. ಕೆಲವು ದಿನಗಳಲ್ಲಿ ಯಾರೋ ಉತ್ತರಿಸಿದರು. ಯಾವ ದೇಶದವರೋ ಗೊತ್ತಿಲ್ಲ. ಪ್ರತಿ ಸಲವೂ ಹೀಗಾಗುತ್ತದೆಯೇ, ಲ್ಯಾಪ್‌ಟಾಪ್ ಯಾವುದು, ಅದಕ್ಕೆ ಮುಂಚೆ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದರು. ತೊಂದರೆಯಾದದ್ದಕ್ಕೆ ಕ್ಷಮಿಸಿ ಎಂದೂ ಇತ್ತು. ಅಡುಗೆಮನೆಯಲ್ಲಿ ನಿಂತು ಅದನ್ನು ಓದುವಾಗ ಅವತ್ತಿನವರೆಗೆ ಬಾರದ ಅಳು ಬಂತು. ಆ ದಿನ ಏನಾಯಿತು ಎಂದು ನನ್ನನ್ನು ಪೂರ್ತಿಯಾಗಿ ಕೇಳಿದವರು ಅವರೊಬ್ಬರೇ.

ನಾನು ಲ್ಯಾಪ್‌ಟಾಪಿಗೆ ಆ ನಿಧಾನದ ಚಾನೆಲ್ಲಿನ ಬ್ರೌಸರನ್ನೇ ಹಾಕಿಕೊಂಡೆ. ನಂಬರ್ ಅಂಗಡಿಯದಕ್ಕಿಂತ ಎಷ್ಟೋ ಹಿಂದೆ. ಲ್ಯಾಪ್‌ಟಾಪ್ ತೆರೆಯಲಿಕ್ಕೂ ಒಂದು ಪಾಸ್‌ವರ್ಡ್ ಇಟ್ಟೆ. ಮನೆಯಲ್ಲಿ ಬೀಗ ಹಾಕಿದ ವಸ್ತುವೆಂದರೆ ಅತ್ತೆಯವರ ಕಪಾಟೊಂದೇ ಇತ್ತು, ಈಗ ಎರಡಾದವು.

ಬಿತ್ತನೆ ಮುಗಿದು ಸಾಲುಗಳ ನಡುವೆ ಎಡೆ ಹೊಡೆಯುವ ಹೊತ್ತಿಗೆ ಒಂದು ಸಂಜೆ ಇವರು ಉತ್ಸಾಹದಿಂದ ಬಂದರು. ಅಂಗಡಿಯ ಬ್ರೌಸರ್ ತಾನಾಗಿಯೇ ಹೊಸದಾಗಿತ್ತಂತೆ. "ಅದಽ ನಂಬರು ನೋಡು, ನಿಂದಕ್ಕ ಹಾಕಿದ್ನಲ್ಲ, ಅದಽ! ಏನ್ ಚಲೋ ಓಡ್ತೈತಿ ಅಂತೀ. ಕ್ಯಾಮೆರಾನೂ ಹಚ್ಚಿ ನೋಡಿದೆ, ಕಂಪನಿಯವ್ರ ಜೊತಿ ಮೀಟಿಂಗಿನ್ಯಾಗ ಮಾರಿ ಕನ್ನಡಿಯೊಳಗ ಕಂಡಂಗ ಕಾಣ್ತೈತಿ. ನೀನ ಏನೋ ತಪ್ಪು ಒತ್ತೀದಿ ಅವತ್ತು."

ಅತ್ತೆಯವರು ನನ್ನ ಕಡೆ ನೋಡಿದರು. ಇವರು ಸ್ನಾನಕ್ಕೆ ಹೋದಾಗ ನಾನು ಲ್ಯಾಪ್‌ಟಾಪ್ ತೆಗೆದು ಆ ಆವೃತ್ತಿಯ ವಿವರ ಓದಿದೆ. ಮೊದಲ ಸಂಖ್ಯೆ ಅದೇ. ಕೊನೆಯ ಅಕ್ಷರ ಹೋಗಿತ್ತು. ಸರಿಪಡಿಸಿದವುಗಳ ಸಾಲಿನಲ್ಲಿ ಕೆಳಗೆ ಒಂದು ಪುಟ್ಟ ವಾಕ್ಯವಿತ್ತು: ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಕ್ಯಾಮೆರಾದ ಚಿತ್ರ ಕಪ್ಪಾಗಿ ಕಾಣುತ್ತಿದ್ದದ್ದು ಸರಿಯಾಗಿದೆ. ಕೆಟ್ಟದ್ದು ನನ್ನಲ್ಲಿ, ಸರಿಯಾದದ್ದು ಅಂಗಡಿಯಲ್ಲಿ.

ಊಟಕ್ಕೆ ಕೂತಾಗ ಅವರು ಇನ್ನೂ ಅದೇ ಗುಂಗಿನಲ್ಲಿದ್ದರು. "ಇದರ ಮ್ಯಾಲಿನ ನಂಬರೂ ಬಂದೈತಂತ. ನಿನ್ನ ಲ್ಯಾಪ್‌ಟಾಪ್ ತಗೊಂಡ್ ಬಾ, ಹಾಕಿ ನೋಡೂಣು."

"ಅದಕ್ಕ ಪಾಸ್‌ವರ್ಡ್ ಹಾಕೀನ್ರೀ."

"ಹೇಳು ಮತ್ತ, ಏನು ಪಾಸ್‌ವರ್ಡು?"

"ಹೇಳೂದಿಲ್ರೀ. ಅಂಗಡ್ಯಾಗಿಂದಕ್ಕ ಹಾಕಿ ನೋಡ್ರಿ ಈ ಸಲ."

ತಮಾಷೆಯೆಂದುಕೊಂಡು ನಕ್ಕರು. ನಾನು ನಗಲಿಲ್ಲವೆಂದು ಗೊತ್ತಾದಾಗ ರೊಟ್ಟಿಯ ತುತ್ತು ಕೈಯಲ್ಲೇ ನಿಂತಿತು. "ಅದಕ್ಕೇನರ ಆದ್ರ?"

"ಆದ್ರ ಗೊತ್ತಾಗ್ತೈತ್ರೀ, ಏನಾಗ್ತೈತಿ ಅಂತ."

"ಕಾನ್ವೆಂಟಿನಾಕಿ ಬಾಯಿ ತಗದ್ಲು ನೋಡಪಾ ಇವತ್ತು" ಎಂದರು ಅತ್ತೆಯವರು, ಮಜ್ಜಿಗೆ ಕಲಸಿಕೊಳ್ಳುತ್ತ.

ಇವರಿಗೆ ಸಿಟ್ಟು ಬರಲಿಲ್ಲ. ನಿಜವಾಗಿಯೂ ದಿಕ್ಕು ತಪ್ಪಿದವರ ಹಾಗೆ ನನ್ನನ್ನೇ ನೋಡಿದರು. ಆಮೇಲೆ ಬಹಳ ಮೆಲ್ಲಗೆ, ಕೇಳಬೇಕಾದದ್ದನ್ನೇ ಕೇಳುತ್ತಿದ್ದೇನೆ ಎನ್ನುವ ಹಾಗೆ ಕೇಳಿದರು:

"ಹಂಗಾರ ಮತ್ಯಾರದಕ್ಕ ಹಾಕಿ ನೋಡ್ಲಿ?"

ಹಂಚಿನ ಮೇಲೆ ಒಂದು ರೊಟ್ಟಿ ಉಬ್ಬಿ ನಿಂತಿತ್ತು. ನಾನು ಅದನ್ನು ತಿರುವಲು ಒಳಗೆ ಹೋದೆ. ಅವರು ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ. ಅಂಗಡಿಗೆ ಹೊಸ ನಂಬರನ್ನು ಅವರಾಗಿ ಹಾಕಿಯೂ ಇಲ್ಲ.